ಬೀಜ ಪಾಸು, ಮಣ್ಣು ಪಾಸು, ನಾನು ಮಾತ್ರ ಫೇಲು: ದುರ್ಗದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಚಿತ್ರದುರ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕೃಷಿ ಇಲಾಖೆಯ ಜಂಟಿ ನಿರ್ದೇಶಕರಿಗೆ ನಮಸ್ಕಾರ.

ಇದನ್ನು ಎಲ್ಲರೂ ಓದಲಿ ಅಂತಲೇ ಬರೆಯುತ್ತಿದ್ದೇನೆ. ನನ್ನ ಹೊಲದ ಮಣ್ಣಿನಲ್ಲಿ ಸೀಸದಂಥ ವಿಷಲೋಹ ಇದೆಯಾ ಅಂತ ಪರೀಕ್ಷೆ ಮಾಡಿ ಎಂದು ಎರಡು ಸಲ ಅರ್ಜಿ ಕೊಟ್ಟೆ. ಎರಡಕ್ಕೂ ಹಿಂಬರಹ ಬಂತು, ಉತ್ತರ ಬರಲಿಲ್ಲ.

ನಾನು 29 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ದುರ್ಗ ತಾಲ್ಲೂಕಿನ ಸಣ್ಣ ಊರು ನಮ್ಮದು. ಯಜಮಾನರು ತೀರಿಕೊಂಡ ಮೇಲೆ 3 ಎಕರೆ ಹೊಲವನ್ನು ಮೈದುನನ ಜೊತೆ ಸೇರಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಮುಂಗಾರಿಗೆ ಮೆಕ್ಕೆಜೋಳ, ಒಂದಿಷ್ಟು ಈರುಳ್ಳಿ, ಬದುವಿಗೆ ತೊಗರಿ. ಹೊಲದ ಮೇಲ್ಭಾಗ ಮಸಾರಿ, ಕೆಳಗಡೆ ಹಳ್ಳದ ದಂಡೆ. ನನ್ನ ತಕರಾರು ಆ ದಂಡೆಯ ಅರ್ಧ ಎಕರೆಯದು.

ಕಳೆದ ಮುಂಗಾರಿನಲ್ಲಿ ಎರಡೂ ಕಡೆ ಒಂದೇ ದಿನ ಬಿತ್ತಿದೆವು. ಒಂದೇ ಚೀಲದ ಬೀಜ, ಅದೇ ಎತ್ತು, ಅದೇ ಆಳು. ಮೇಲಿನ ಪೈರು ಮೊಣಕಾಲಿಗೆ ಬಂದಾಗ ಕೆಳಗಿನದು ಗೇಣುದ್ದ ಇತ್ತು. ಕೆಲವು ಮೊಳೆತು ಎರಡು ಎಲೆ ಬಿಟ್ಟು ಅಲ್ಲೇ ನಿಂತುಬಿಟ್ಟವು. ಕಿತ್ತು ನೋಡಿದರೆ ಬೇರು ಉದ್ದ ಹೋಗಿರಲಿಲ್ಲ. ತುದಿ ಕಂದು ಬಣ್ಣಕ್ಕೆ ತಿರುಗಿ ಮೊಂಡಾಗಿತ್ತು. ಉಳಿದವು ಹೇಗೋ ಬೆಳೆದು ತೆನೆ ಕೊಟ್ಟವು. ಸುಲಿದು ನೋಡಿದ ಮೈದುನ ನಗುವುದೋ ಅಳುವುದೋ ತಿಳಿಯದೆ ಹೇಳಿದ, "ಅತ್ತಿಗೆ, ನಮ್ಮಜ್ಜಿ ನಕ್ಕ ಹಾಗಿದೆ." ನಿಜ. ಅಲ್ಲೊಂದು ಕಾಳು, ಇಲ್ಲೊಂದು ಕಾಳು, ನಡುವೆ ಬರೀ ಒಸಡು.

ಮೊದಲು ಬೀಜದ ಮೇಲೆ ಅನುಮಾನ ಬಂತು. ಅಂಗಡಿಯವರು, "ಟೀಚರಮ್ಮ, ಅದೇ ಲಾಟು ಊರೆಲ್ಲ ಬಿತ್ತಿದೆ, ಯಾರೂ ಬಂದಿಲ್ಲ" ಅಂದರು. ದೂರು ಕೊಟ್ಟೆ, ಉಳಿದ ಬೀಜ ಪರೀಕ್ಷೆಗೆ ಹೋಯಿತು, ಪಾಸಾಗಿ ಬಂತು. ಹಾಗಾದರೆ ಮಣ್ಣಿರಬೇಕು ಅಂತ, ಸರ್ಕಾರ ಮಣ್ಣು ಪರೀಕ್ಷಿಸಿ ಕೊಡುವ ಮಣ್ಣಿನ ಚೀಟಿ ತೆಗೆದು ನೋಡಿದೆ. ಸತು ಸಾಕಷ್ಟಿದೆ, ತಾಮ್ರ ಸಾಕಷ್ಟಿದೆ, ಕಬ್ಬಿಣ ಸಾಕಷ್ಟಿದೆ. ಮಣ್ಣೂ ಪಾಸು. ಒಬ್ಬ ಅಧಿಕಾರಿ ಬಹಳ ಸಮಾಧಾನದಿಂದಲೇ ಹೇಳಿದರು, "ಮೇಡಂ, ನೀವು ನೀರು ಜಾಸ್ತಿ ಬಿಟ್ಟಿರಬೇಕು." ಮಳೆ ನಂಬಿ ಬಿತ್ತಿದ ಹೊಲ ಅದು.

ಈಗ ಹಳ್ಳದ ಕಥೆ ಹೇಳಬೇಕು. ನಮ್ಮ ಹೊಲಕ್ಕಿಂತ ಮೇಲೆ, ಹಳ್ಳದ ಪಕ್ಕದಲ್ಲೇ ಕೆಲವು ವರ್ಷ ಒಂದು ತಗಡಿನ ಶೆಡ್ಡು ಇತ್ತು. ಹಳೇ ಬ್ಯಾಟರಿ ತಂದು ಒಡೆದು ಒಳಗಿನ ಸೀಸ ತೆಗೆಯುತ್ತಿದ್ದರು. ಒಂದು ಕಾರಿನ ಬ್ಯಾಟರಿಯಲ್ಲಿ ಸುಮಾರು 10 ಕೆಜಿಯಷ್ಟು ಸೀಸ ಇರುತ್ತೆ, ಗುಜರಿಯಲ್ಲಿ ಒಳ್ಳೇ ಬೆಲೆ. ಒಡೆದಾಗ ಬರುವ ಆಸಿಡ್ ನೀರು ಎಲ್ಲಿಗೆ ಹೋಗುತ್ತಿತ್ತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಒಂದು ದಿನ ಶೆಡ್ಡು ಖಾಲಿಯಾಯಿತು, ತಗಡೂ ಹೋಯಿತು. ಕರಿ ಪ್ಲಾಸ್ಟಿಕ್ ಚೂರುಗಳು ಇವತ್ತಿಗೂ ಅಲ್ಲಿವೆ. ಯಾರ ಹೆಸರೂ ಹೇಳುವುದಿಲ್ಲ. ಹೆಸರು ಹೇಳಿ ಜಗಳ ತೆಗೆಯುವುದು ನನ್ನ ಉದ್ದೇಶವಲ್ಲ. ಮಣ್ಣಿನಲ್ಲಿ ಏನಿದೆ ಅಂತ ಗೊತ್ತಾಗಬೇಕು, ಅಷ್ಟೇ.

ಟೀಚರ್ ಬುದ್ಧಿ ಎಲ್ಲಿ ಹೋಗುತ್ತೆ? ಮನೆಯಲ್ಲೇ ಪರೀಕ್ಷೆಗೆ ಕೂತೆ. ಮೇಲಿನ ಮಣ್ಣು, ಹಳ್ಳದ ದಂಡೆಯ ಮಣ್ಣು, ಶೆಡ್ಡು ಇದ್ದ ಜಾಗದ ಮಣ್ಣು. ಮೂರನ್ನೂ ಬೇರೆ ಬೇರೆ ನೀರಿನಲ್ಲಿ ಕಲಸಿ ತಿಳಿ ತೆಗೆದೆ. ಮೂರು ಲೋಟಗಳ ಬಾಯಿಗೆ ಒಂದೊಂದು ಈರುಳ್ಳಿ ಕೂರಿಸಿ ಬುಡ ಮಾತ್ರ ತಿಳಿನೀರಿಗೆ ತಾಗುವ ಹಾಗೆ ಇಟ್ಟೆ. ಇದು ನನ್ನ ಬುದ್ಧಿಯಲ್ಲ. ನೀರಿನಲ್ಲಿ ವಿಷ ಇದೆಯೋ ಇಲ್ಲವೋ ನೋಡಲು ಈರುಳ್ಳಿ ಬೇರು ಬೆಳೆಸುವ ಪದ್ಧತಿ 1938ರಿಂದಲೇ ಇದೆ. ಈರುಳ್ಳಿ ಇಷ್ಟು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಅದನ್ನು ಮಾಡಲು ಖರ್ಚೇ ಇಲ್ಲ. ನಾಲ್ಕನೇ ದಿನ ಮೇಲಿನ ಮಣ್ಣಿನ ಲೋಟದಲ್ಲಿ ಬೇರು ಬಿಳಿ ಗಡ್ಡದ ಹಾಗೆ ಇಳಿದಿತ್ತು. ಶೆಡ್ಡಿನ ಲೋಟದಲ್ಲಿ ಬುಡ ಸುಮ್ನೆ ನೆನೆದಿತ್ತು. ಹಳ್ಳದ ದಂಡೆಯದು ಎರಡರ ನಡುವೆ. ಸ್ಕೇಲು ಹಿಡಿದು ಅಳೆದ ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ. ಮೂರು ಲೋಟ ಸೇರಿದರೆ ಲ್ಯಾಬ್ ಆಗುವುದಿಲ್ಲ. ಆಸಿಡ್ಡಿನ ಹುಳಿಗೂ ಬೇರು ಹೀಗೆ ಆಗುತ್ತೆ, ಸೀಸಕ್ಕೂ ಆಗುತ್ತೆ. ಯಾವುದು ಅಂತ ಈರುಳ್ಳಿ ಹೇಳುವುದಿಲ್ಲ. "ಇಲ್ಲಿ ಏನೋ ಇದೆ, ನೋಡಿ" ಅಂತ ಮಾತ್ರ ಹೇಳುತ್ತೆ.

ಹಾಗಾದರೆ ಬೀಜದ ಪರೀಕ್ಷೆ ಯಾಕೆ ಪಾಸಾಯಿತು? ಇದೇ ನನ್ನ ಪತ್ರದ ಮುಖ್ಯ ಮಾತು. ಬೀಜ ಪರೀಕ್ಷೆಯ ಲ್ಯಾಬಿನಲ್ಲಿ 400 ಬೀಜಗಳನ್ನು ಶುದ್ಧವಾದ ಒದ್ದೆ ಕಾಗದದಲ್ಲೋ ಮರಳಿನಲ್ಲೋ ಮೊಳೆಸುತ್ತಾರೆ. ಮೆಕ್ಕೆಜೋಳವಾದರೆ ನಾಲ್ಕನೇ ದಿನ ಒಮ್ಮೆ, ಏಳನೇ ದಿನ ಒಮ್ಮೆ ಎಣಿಸುತ್ತಾರೆ. ಹೈಬ್ರಿಡ್ ಮೆಕ್ಕೆಜೋಳಕ್ಕೆ ನೂರಕ್ಕೆ 90 ಮೊಳೆಯಬೇಕು, ಶೇಂಗಾಕ್ಕೆ 70, ಈರುಳ್ಳಿಗೆ 70. ಒಳ್ಳೇ ಪದ್ಧತಿಯೇ. ಆದರೆ ಅದು ಬೀಜ ಮಾರಿದವರ ಪರೀಕ್ಷೆ. ನನ್ನ ಹೊಲದ ಮಣ್ಣು ಆ ಕಾಗದದ ಮೇಲೆ ಬೀಳುವುದೇ ಇಲ್ಲ. ಅದೇ ಬೀಜವನ್ನು ನನ್ನ ಮಣ್ಣಿನಲ್ಲೂ ಒಂದು ಟ್ರೇ ಹಾಕಿ ನೋಡಿದ್ದರೆ ಏಳು ದಿನದಲ್ಲಿ ವಿಷಯ ತಿಳಿಯುತ್ತಿತ್ತು.

ಅಲ್ಲೂ ಒಂದು ಮೋಸವಿದೆ. ಬರೀ ಮೊಳಕೆ ಎಣಿಸಿದರೆ ಸಾಲದು. ಬೀಜದ ಸಿಪ್ಪೆ ಒಂದು ಕಾವಲು. ಸೀಸದಂಥ ಲೋಹ ಎಷ್ಟೋ ಬೀಜಗಳಲ್ಲಿ ಸಿಪ್ಪೆ ದಾಟಿ ಸುಲಭವಾಗಿ ಒಳಗೆ ಹೋಗುವುದಿಲ್ಲ. ಹಾಗಾಗಿ ಬೀಜ ನೀರು ಕುಡಿಯುತ್ತೆ, ಉಬ್ಬುತ್ತೆ, ಮೊಳಕೆ ಒಡೆಯುತ್ತೆ. ಎಣಿಸುವವರ ಲೆಕ್ಕದಲ್ಲಿ ಅದು ಮೊಳೆತ ಬೀಜ. ಆದರೆ ಬೇರಿನ ತುದಿ ಸಿಪ್ಪೆ ಸೀಳಿ ಹೊರಗೆ ಬಂದ ಮೇಲೆ ಕಾವಲಿಲ್ಲ. ಬೇರು ಉದ್ದವಾಗುವುದು ಆ ತುದಿಯಲ್ಲೇ, ಲೋಹ ಮೊದಲು ತಾಗುವುದೂ ಅಲ್ಲೇ. ತಾಮ್ರ ಜಾಸ್ತಿಯಾದರೆ ಜೀವಕೋಶದ ಪೊರೆ ಕೆಟ್ಟು ಒಳಗಿನ ಪೊಟ್ಯಾಶ್ ಸೋರಿ ಹೋಗುತ್ತೆ. ಕ್ಯಾಡ್ಮಿಯಂ ಅನ್ನುವ ಇನ್ನೊಂದು ವಿಷಲೋಹ ಇನ್ನೂ ಚಾಲಾಕು. ಗಿಡ ಸತು, ಕಬ್ಬಿಣ, ಕ್ಯಾಲ್ಸಿಯಂ ಒಳಗೆ ತೆಗೆದುಕೊಳ್ಳುವ ದಾರಿಯಲ್ಲೇ ವೇಷ ಹಾಕಿಕೊಂಡು ನುಗ್ಗುತ್ತೆ. ಒಳಗೆ ಹೋಗಿ ಬೀಜದ ಹಿಟ್ಟನ್ನು ಸಕ್ಕರೆ ಮಾಡುವ ಕೆಲಸವನ್ನು ನಿಧಾನ ಮಾಡುತ್ತೆ. ಮೊಳಕೆಗೆ ಬುತ್ತಿ ಇದೆ, ಗಂಟು ಬಿಚ್ಚಲು ಬರುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಎಷ್ಟು ಮೊಳೆತವು ಅನ್ನುವುದರ ಜೊತೆಗೆ ಬೇರು ಎಷ್ಟುದ್ದ ಬಂತು ಅಂತಲೂ ಅಳೆಯಿರಿ. ವಿಷ ಕಡಿಮೆ ಇದ್ದಾಗಲೂ ಬೇರಿನ ಉದ್ದ ಸುಳಿವು ಕೊಡುತ್ತೆ, ಮೊಳಕೆಯ ಎಣಿಕೆ ಬಹಳ ತಡವಾಗಿ ಕೊಡುತ್ತೆ.

ಇನ್ನು ಬೊಚ್ಚು ತೆನೆ. ಮೆಕ್ಕೆಜೋಳದ ತೆನೆಯ ಮೇಲಿನ ಒಂದೊಂದು ಕೂದಲೂ ಒಂದೊಂದು ಕಾಳಿನದು. ಸೂಲಂಗಿಯಿಂದ ಉದುರಿದ ಪರಾಗದ ಒಂದು ಕಣ ಆ ಕೂದಲಿನ ಮೇಲೆ ಕೂತು, ಅಲ್ಲೇ ಮೊಳೆತು, ಒಂದು ಕೊಳವೆ ಇಳಿಸಬೇಕು. ಹೌದು, ಪರಾಗವೂ ಮೊಳೆಯುತ್ತೆ. ಈ ಮಾತು ಹೇಳಿದಾಗೆಲ್ಲ ನನ್ನ ಕ್ಲಾಸಿನ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಬೀಜ ಮೊಳೆಯಲು ದಿನಗಳು ಬೇಕು, ಪರಾಗಕ್ಕೆ ನಿಮಿಷಗಳು ಸಾಕು. ಆ ಕೊಳವೆ ಗೇಣುದ್ದದ ಕೂದಲಿನೊಳಗೆ ಇಳಿದು ಒಂದು ದಿನದೊಳಗೆ ಕಾಳಿನ ಬುಡ ಮುಟ್ಟುತ್ತೆ. ಗಿಡದಲ್ಲಿ ಅಷ್ಟು ಬೇಗ ಬೆಳೆಯುವ ಜೀವಕೋಶ ಇನ್ನೊಂದಿಲ್ಲ ಅನ್ನಬಹುದು. ಒಂದು ಕೂದಲಿಗೆ ಆ ಕೊಳವೆ ಬರಲಿಲ್ಲವೋ, ತೆನೆಯಲ್ಲಿ ಒಂದು ಹಲ್ಲು ಇಲ್ಲ.

ಬೇಗ ಓಡುವುದಕ್ಕೆ ಬೇಗ ಪೆಟ್ಟೂ ಬೀಳುತ್ತೆ. ಪರಾಗಕ್ಕೂ ಗಟ್ಟಿ ಗೋಡೆಯಿದೆ, ಆದರೆ ಕೊಳವೆ ಹೊರಬರಲು ಅದರಲ್ಲಿ ಬಾಗಿಲೂ ಇರಬೇಕಲ್ಲ. ಮೆಕ್ಕೆಜೋಳದ ಪರಾಗಕ್ಕೆ ಒಂದೇ ಬಾಗಿಲು. ಹೊರಬಂದ ಕೊಳವೆಯ ತುದಿ ಬಹಳ ತೆಳು. ಅದಕ್ಕೆ ದಾರಿ ತೋರಿಸುವುದು ತುದಿಯಲ್ಲಿ ಹೆಚ್ಚು, ಹಿಂದೆ ಕಡಿಮೆ ಇರುವ ಕ್ಯಾಲ್ಸಿಯಂ. ಸೀಸ, ಕ್ಯಾಡ್ಮಿಯಂ, ತಾಮ್ರ ಈ ಏರ್ಪಾಡನ್ನು ಕೆಡಿಸುತ್ತವೆ. ಆಗ ಕೊಳವೆ ಗಿಡ್ಡವಾಗುತ್ತೆ, ತುದಿ ಬಲೂನಿನ ಹಾಗೆ ಊದಿಕೊಳ್ಳುತ್ತೆ, ಕೆಲವು ಸಲ ಒಡೆದೇ ಹೋಗುತ್ತೆ. ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಿದವರು ಮರೆಯುವುದಿಲ್ಲ.

ನನ್ನ ತೆನೆ ಬೊಚ್ಚಾಗಿದ್ದಕ್ಕೆ ಇದೇ ಕಾರಣ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಸೀಸ ಬಹುಪಾಲು ಬೇರಿನಲ್ಲೇ ನಿಲ್ಲುವ ಲೋಹ, ಹೂವಿನವರೆಗೆ ಹತ್ತುವುದು ಕಡಿಮೆ. ಆದರೆ ಬೇರು ಸೊರಗಿದ ಗಿಡದಲ್ಲಿ ಕೂದಲು ತಡವಾಗಿ ಬರುತ್ತೆ. ಅಷ್ಟರಲ್ಲಿ ಮೇಲಿನ ಹೊಲದ ಪರಾಗವೆಲ್ಲ ಉದುರಿ ಮುಗಿದಿರುತ್ತೆ, ಬಿಸಿಲಿಗೆ ಅದು ಕೆಲವೇ ಗಂಟೆ ಬದುಕುವುದು. ಹೂ ಬಿಡುವಾಗ ಬಿಸಿಲು ಹೆಚ್ಚಾದರೂ ತೆನೆ ಬೊಚ್ಚಾಗುತ್ತೆ. ಬೋರಾನ್ ಕಡಿಮೆಯಾದರೂ ಆಗುತ್ತೆ. 2018ರಿಂದ ನಮ್ಮ ಜೀವ ತಿನ್ನುತ್ತಿರುವ ಸೈನಿಕ ಹುಳು ಕೂದಲು ಕಡಿದರೂ ಆಗುತ್ತೆ. ಆದರೆ ಬಿಸಿಲು ಮೇಲಿನ ಹೊಲಕ್ಕೂ ಬಿತ್ತು, ಹುಳುವಿಗೆ ನನ್ನ ಬದು ಗೊತ್ತಿಲ್ಲ. ಹಳ್ಳದ ನೀರು ಮಾತ್ರ ಕೆಳಗಿನ ಅರ್ಧ ಎಕರೆಗೆ ನುಗ್ಗಿತ್ತು.

ಈಗ ಮಣ್ಣಿನ ಚೀಟಿಯ ಮಾತು. 2015ರಲ್ಲಿ ಈ ಯೋಜನೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ಚೀಟಿಯಲ್ಲಿ 12 ಸಾಲುಗಳಿವೆ. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಹುಳಿ-ಕ್ಷಾರ ಹೇಳುವ ಪಿಹೆಚ್, ಲವಣಾಂಶ, ಸಾವಯವ ಇಂಗಾಲ. ಸೀಸದ ಸಾಲಿಲ್ಲ, ಕ್ಯಾಡ್ಮಿಯಂ ಸಾಲಿಲ್ಲ, ನಿಕ್ಕಲ್, ಕ್ರೋಮಿಯಂ, ಆರ್ಸೆನಿಕ್ ಯಾವುದೂ ಇಲ್ಲ. ತಾಮ್ರ ಇದೆಯಲ್ಲ ಅನ್ನಬಹುದು. ಇದೆ. ಆದರೆ ಅಲ್ಲಿ ಕೇಳುವ ಪ್ರಶ್ನೆ ಒಂದೇ, ಸಾಲದೋ ಸಾಕೋ. ಗಿಡಕ್ಕೆ ಸಿಗುವ ತಾಮ್ರ 0.2 ಪಿಪಿಎಂ, ಅಂದರೆ 1 ಕೆಜಿ ಮಣ್ಣಿಗೆ 0.2 ಮಿಲಿಗ್ರಾಂ, ದಾಟಿದರೆ "ಸಾಕಷ್ಟಿದೆ". ಹತ್ತು ದಾಟಿದರೂ "ಸಾಕಷ್ಟಿದೆ", ನೂರು ದಾಟಿದರೂ "ಸಾಕಷ್ಟಿದೆ". ಸತುವಿಗೂ ಹಾಗೆಯೇ, 0.6 ದಾಟಿದರೆ ಮುಗಿಯಿತು. "ಅತಿಯಾಗಿದೆ" ಅನ್ನುವ ಮಾತೇ ಆ ಚೀಟಿಗೆ ಗೊತ್ತಿಲ್ಲ. ಊಟ ಬಡಿಸುವವರು ಎಲೆ ಖಾಲಿಯಿದೆಯಾ ಅಂತ ಮಾತ್ರ ನೋಡಿ, ಉಣ್ಣುವವರ ಹೊಟ್ಟೆ ಬಿರಿಯುತ್ತಿದೆಯಾ ಅಂತ ನೋಡದಿದ್ದರೆ ಹೇಗೆ?

ಇನ್ನೂ ವಿಚಿತ್ರ ಏನೆಂದರೆ, ಪೇಟೆಯ ಕಸದಿಂದ ಮಾಡಿದ ಗೊಬ್ಬರ ಮಾರಲು ಲೋಹದ ಮಿತಿ ಇದೆ. 1 ಕೆಜಿ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ ಮೀರಬಾರದು, ಕ್ಯಾಡ್ಮಿಯಂ 5 ಮೀರಬಾರದು, ತಾಮ್ರ 300. ಗೊಬ್ಬರಕ್ಕೆ ಇರುವ ಕಾಳಜಿ ಆ ಗೊಬ್ಬರ ಬೀಳುವ ನೆಲಕ್ಕೆ ಇಲ್ಲ.

ಖರ್ಚು ಜಾಸ್ತಿ ಆಗುತ್ತೆ ಅಂತ ನಿಮ್ಮ ಕಚೇರಿಯಲ್ಲಿ ಹೇಳಿದರು. ಎಲ್ಲರ ಹೊಲಕ್ಕೂ ಮಾಡಿದರೆ ಹೌದು. ಎಲ್ಲರಿಗೂ ಬೇಡ. ದೊಡ್ಡ ಲ್ಯಾಬುಗಳಲ್ಲಿ ಸತು, ತಾಮ್ರ ಅಳೆಯುವ ಯಂತ್ರದಲ್ಲೇ ಸೀಸವನ್ನೂ ಕ್ಯಾಡ್ಮಿಯಂ ಅನ್ನೂ ಅಳೆಯಬಹುದು. ಒಂದೊಂದು ಲೋಹಕ್ಕೆ ಒಂದೊಂದು ದೀಪ, ಆ ದೀಪ ಬದಲಿಸಬೇಕು. ಮಣ್ಣಿನಿಂದ ಸತು ತೆಗೆಯಲು ಬಳಸುವ ಅದೇ ದ್ರಾವಣದಲ್ಲಿ ಗಿಡಕ್ಕೆ ಸಿಗುವ ಸೀಸ, ಕ್ಯಾಡ್ಮಿಯಂ, ನಿಕ್ಕಲ್ ಕೂಡ ಇಳಿದು ಬರುತ್ತವೆ. ಆ ನೀರನ್ನು ಈಗ ಚೆಲ್ಲುತ್ತಿದ್ದೀರಿ.

ಎಲ್ಲಿ ಮೊದಲು ನೋಡಬೇಕು ಅಂತ ಹುಡುಕಲು ಕಷ್ಟಪಡಬೇಕಾಗಿಲ್ಲ. ದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು, ನಿಂತು ವರ್ಷಗಳಾದವು. ತಾಮ್ರದ ಅದಿರು ಗಂಧಕದ ಜೊತೆ ಇರುವಂಥದ್ದು. ಅಂಥ ಅದಿರಿನ ಪುಡಿ ಎಲ್ಲೇ ಗಾಳಿ ಮಳೆಗೆ ಬಿದ್ದರೂ ಹುಳಿ ಹುಟ್ಟುತ್ತೆ, ಹುಳಿ ಲೋಹವನ್ನು ಕರಗಿಸುತ್ತೆ. ಭೀಮಸಮುದ್ರದ ಕಡೆ ಕಬ್ಬಿಣದ ಅದಿರು. ಹೈವೇ ದಂಡೆಯ ಹೊಲಗಳಿವೆ. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ ನಿಂತದ್ದು 2000ದಲ್ಲಿ, ಅಲ್ಲಿಯವರೆಗೆ ಪೂನಾ-ಬೆಂಗಳೂರು ರಸ್ತೆಯಲ್ಲಿ ಓಡಿದ ಗಾಡಿಗಳ ಹೊಗೆ ಎಲ್ಲಿ ಕೂತಿರಬೇಕು? ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಆ ಎಲ್ಲ ನೆಲ ಕೆಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಅಳೆದು ನೋಡಿ ಅಂತ ಹೇಳುತ್ತಿದ್ದೇನೆ. ಏನೂ ಇಲ್ಲ ಅಂತ ಬಂದರೆ ಅಲ್ಲಿಯವರೂ ನೆಮ್ಮದಿಯಾಗಿ ಮಲಗಲಿ.

ರೈತರ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪತ್ರ ಒಂದು ಕಡೆಗೆ ವಾಲುತ್ತೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕೊಳೆರೋಗಕ್ಕೆ ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ದಾಳಿಂಬೆ ಹೂ ಅರಳಿ ನಿಂತಾಗಲೂ ತಾಮ್ರದ ಔಷಧಿ ಹೊಡೆಯುವವರನ್ನು ನೋಡಿದ್ದೇನೆ. ಮೈಲುತುತ್ತ ಅಂದರೆ ತಾಮ್ರವೇ. ಅರಳಿದ ಹೂವಿನ ಮೇಲೆ ಬಿದ್ದ ತಾಮ್ರಕ್ಕೆ ಶಿಲೀಂಧ್ರದ ಬೀಜಕಣ ಯಾವುದು, ಪರಾಗ ಯಾವುದು ಅನ್ನುವ ಭೇದ ಇಲ್ಲ. ಎರಡೂ ಮೊಳೆಯುವ ಜೀವಗಳೇ. ಆಮೇಲೆ ಕಾಯಿ ಕಚ್ಚಲಿಲ್ಲ ಅಂತ ಜೇನುನೊಣವನ್ನು ಬೈಯುತ್ತೇವೆ.

ನಮ್ಮಪ್ಪನ ಕಾಲದಲ್ಲಿ ಬಿತ್ತುವ ಮುಂಚೆ ಬೀಜಕ್ಕೆ ಒಂದು ಪುಡಿ ಹಚ್ಚುತ್ತಿದ್ದರು. ಅಗ್ರೋಸಾನ್ ಅಂದರೆ ಹಳಬರಿಗೆ ನೆನಪಾಗಬಹುದು. ಅದರಲ್ಲಿ ಇದ್ದದ್ದು ಪಾದರಸ. ಬೂಷ್ಟು ಸಾಯುತ್ತಿತ್ತು, ಕೈ ತಪ್ಪಿ ಜಾಸ್ತಿಯಾದರೆ ಮೊಳಕೆಯೂ ಸಾಯುತ್ತಿತ್ತು. ಇರಾಕಿನಲ್ಲಿ 1971-72ರಲ್ಲಿ ಪಾದರಸ ಹಚ್ಚಿದ ಬಿತ್ತನೆ ಗೋಧಿಯನ್ನು ಬೀಸಿ ರೊಟ್ಟಿ ಮಾಡಿ ತಿಂದು ನೂರಾರು ಜನ ಸತ್ತರು. ಅಮ್ಮ ಆ ಪುಡಿಯ ಡಬ್ಬವನ್ನು ತೊಳೆದು ಉಪ್ಪು ತುಂಬಿಡುತ್ತಿದ್ದಳು. ಈಗ ನೆನೆದರೆ ಮೈ ಜುಮ್ಮೆನ್ನುತ್ತೆ.

ನಾನು ಕೇಳುವುದು ದೊಡ್ಡದೇನಲ್ಲ. ಅನುಮಾನ ಇರುವ ಜಾಗಗಳ ಮಣ್ಣಿನ ಚೀಟಿಗೆ ಲೋಹದ ಸಾಲುಗಳನ್ನು ಸೇರಿಸಿ. ಬೀಜ ಮೊಳೆಯಲಿಲ್ಲ ಅಂತ ಯಾರಾದರೂ ದೂರು ತಂದರೆ ಬೀಜವನ್ನು ಕಾಗದದಲ್ಲಿ ಒಮ್ಮೆ, ಅವರ ಹೊಲದ ಮಣ್ಣಿನಲ್ಲಿ ಒಮ್ಮೆ ಮೊಳೆಸಿ ಹೋಲಿಸಿ. ಎಲ್ಲಾ ಮಣ್ಣನ್ನೂ ಲ್ಯಾಬಿಗೆ ಕಳಿಸಲು ಆಗದಿದ್ದರೆ ಮೊದಲ ಸುತ್ತನ್ನು ಪಿಯು ಕಾಲೇಜಿನ ಮಕ್ಕಳ ಕೈಗೆ ಕೊಡಿ. ಸ್ಲೈಡಿನ ಮೇಲೆ ಪರಾಗ ಮೊಳೆಸುವುದು ಜೀವಶಾಸ್ತ್ರದ ಮಕ್ಕಳು ಪ್ರಾಕ್ಟಿಕಲ್‌ನಲ್ಲಿ ಮಾಡುವ ಕೆಲಸವೇ. ಸಕ್ಕರೆ ನೀರಿಗೆ ಚೂರು ಬೋರಿಕ್ ಆಸಿಡ್, ಕ್ಯಾಲ್ಸಿಯಂ ನೈಟ್ರೇಟ್ ಹಾಕಿ, ಕಾಂಪೌಂಡಿನ ನಿತ್ಯಪುಷ್ಪದ ಪರಾಗ ಉದುರಿಸಿ, ಒಂದೆರಡು ಗಂಟೆ ಬಿಟ್ಟು ನೋಡುತ್ತಾರೆ. ನೋಡಿ, ಚಿತ್ರ ಬರೆದು, ಮಾರ್ಕ್ಸ್ ತೆಗೆದುಕೊಂಡು ಮರೆಯುತ್ತಾರೆ. ಅದೇ ಸಕ್ಕರೆ ನೀರನ್ನು ಒಂದು ಸಲ ಹಳ್ಳದ ನೀರಿನಲ್ಲೋ ಹೊಲದ ಮಣ್ಣಿನ ತಿಳಿನೀರಿನಲ್ಲೋ ಮಾಡಿ ನೋಡಲಿ. ಆ ಮಕ್ಕಳಲ್ಲಿ ಅರ್ಧದಷ್ಟು ಜನ ರೈತರ ಮಕ್ಕಳೇ ಅಲ್ವಾ? ಅವರಿಗೆ ಅನುಮಾನ ಬಂದ ಮಣ್ಣು ಮಾತ್ರ ಲ್ಯಾಬಿಗೆ ಹೋಗಲಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಓದಿದವರಿದ್ದಾರೆ, ಮಕ್ಕಳಿಗೆ ಒಂದು ದಿನ ಹೇಳಿಕೊಡಲು ಅವರಿಗೆ ಬೇಜಾರೇನೂ ಇರುವುದಿಲ್ಲ.

ಕೆಟ್ಟಿದೆ ಅಂತ ಬಂದರೆ ಏನು ಮಾಡುವುದು ಅಂತ ಹೆದರಬೇಡಿ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಸೀಸ, ಕ್ಯಾಡ್ಮಿಯಂ ಗಿಡಕ್ಕೆ ಸಿಗುವುದು ಕಡಿಮೆಯಾಗುತ್ತೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೂ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತೆ. ಬೆಳೆ ಬರದ ಜಾಗದಲ್ಲಿ ಲಾವಂಚ ನೆಟ್ಟು ಮಣ್ಣು ಕೊಚ್ಚಿ ಹೋಗದಂತೆ ತಡೆಯಬಹುದು. ಶೆಡ್ಡು ಇದ್ದ ಜಾಗದ ಮಣ್ಣಿಗೆ ಮಾತ್ರ ಇದು ಸಾಲದು, ಅದನ್ನು ಕೆತ್ತಿ ಸರಿಯಾದ ಕಡೆ ಸಾಗಿಸಬೇಕು. ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಹಳ್ಳಕ್ಕೆ ಆಡಲು ಹೋಗುವ ಮಕ್ಕಳ ವಿಷಯ ಇಲ್ಲಿ ಬರೆದಿಲ್ಲ. ಅದಕ್ಕೆ ಆರೋಗ್ಯಾಧಿಕಾರಿಗಳಿಗೆ ಬೇರೆಯೇ ಪತ್ರ ಬರೆಯುತ್ತಿದ್ದೇನೆ.

ಈ ಸಲ ಕೆಳಗಿನ ಅರ್ಧ ಎಕರೆಗೆ ಏನೂ ಬಿತ್ತಿಲ್ಲ. ಮೈದುನ ದಿನಾ ಕೇಳುತ್ತಾನೆ, "ಅತ್ತಿಗೆ, ಸುಮ್ನೆ ಬೀಳು ಬಿಡಬೇಕಾ?" ಮೂರು ಜಾಗದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಅರ್ಧರ್ಧ ಕೆಜಿ ಬಟ್ಟೆ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಒಳಗೆ ಸರ್ವೆ ನಂಬರು ಬರೆದ ಚೀಟಿಯೂ ಇದೆ. ಬರುವ ಸೋಮವಾರ ಹತ್ತೂವರೆಗೆ ಕಚೇರಿಗೆ ತರುತ್ತೇನೆ. ಯಾರ ಟೇಬಲ್ ಮೇಲೆ ಇಡಬೇಕು ಅಂತ ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತೆ.

ಇಂತಿ,
ದುರ್ಗ ತಾಲ್ಲೂಕಿನ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ